ಕಕ್ಷಿದಾರರ ಬೆಂಚು: ಪೆನ್ ಡ್ರೈವ್‌ನಲ್ಲಿ ಬಂದ ಧಾರಾವಾಹಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಮಳೆಗಾಲ ಬಂತೆಂದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಡಿಶ್‌ಗೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತೇವೆ, ಮಳೆ ಜೋರಾದರೆ ಅದರಲ್ಲೂ ‘ಸಿಗ್ನಲ್ ಇಲ್ಲ’. ಅತ್ತೆಗೆ 78 ವರ್ಷ, ಸೊಂಟದ ಮೂಳೆ ಮುರಿದು ಮಲಗಿದ್ದಾರೆ. ರಾತ್ರಿಯ ಎರಡು ಧಾರಾವಾಹಿ ಬಿಟ್ಟರೆ ಅವರಿಗೆ ಬೇರೆ ಲೋಕವಿಲ್ಲ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಹದಿನೈದು ದಿನಕ್ಕೊಮ್ಮೆ ಬರುವಾಗ ತಪ್ಪಿದ ಕಂತುಗಳನ್ನು ಪೆನ್ ಡ್ರೈವ್‌ನಲ್ಲಿ ತರುತ್ತಾನೆ. ಟೆಲಿಗ್ರಾಮ್‌ನಿಂದ ಒಂದಷ್ಟು, ಟೊರೆಂಟ್‌ನಿಂದ ಒಂದಷ್ಟು. ಜೊತೆಗೆ ನಮಗೆಂದು ಇಂಗ್ಲಿಷ್ ಸೀರಿಯಲ್ಲೂ ಇರುತ್ತದೆ. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು. ‘ಇದು ಕಳ್ಳಮಾಲು, ನೋಡಿದರೂ ಮೂರು ವರ್ಷ ಜೈಲು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ತೋರಿಸುತ್ತಾರೆ. ಹುಡುಗ ‘ದುಡ್ಡು ಕಟ್ಟಿರೋ ಚಾನೆಲ್ಲನ್ನೇ ನೋಡ್ತಿದೀವಲ್ಲ ಚಿಕ್ಕಪ್ಪ, ಕಳ್ಳತನ ಹೆಂಗಾಗುತ್ತೆ?’ ಎನ್ನುತ್ತಾನೆ. ಯಾರದ್ದು ಸರಿ?
– ಹೆಸರು ಬೇಡ, ತೀರ್ಥಹಳ್ಳಿ ತಾ.

ಉತ್ತರ: ಮೊದಲು ಮೇಷ್ಟ್ರ ಭಯ ಇಳಿಸೋಣ. ಅವರಿಗೆ ಬಂದಿರುವ ವಾಟ್ಸ್‌ಆ್ಯಪ್ ಸಂದೇಶದ ಮೂಲ ನನಗೆ ಗೊತ್ತು. 2016ರ ಆಗಸ್ಟ್‌ನಲ್ಲಿ, ಕೋರ್ಟ್ ಆದೇಶದಿಂದ ಬಂದ್ ಆದ ವೆಬ್‌ಸೈಟ್ ತೆರೆದವರಿಗೆಲ್ಲ ಒಂದು ಎಚ್ಚರಿಕೆ ಕಾಣಿಸುತ್ತಿತ್ತು: ನೋಡುವುದು, ಡೌನ್‌ಲೋಡ್ ಮಾಡುವುದು, ನಕಲು ಮಾಡುವುದು ಎಲ್ಲವೂ ಅಪರಾಧ, 3 ವರ್ಷ ಜೈಲು, 3 ಲಕ್ಷ ದಂಡ. ದೇಶವೆಲ್ಲ ಗಾಬರಿಯಾಯಿತು. ಅದೇ ತಿಂಗಳು ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು ಬರೀ ನೋಡುವುದು ಅಪರಾಧವಲ್ಲ, ಅನುಮತಿಯಿಲ್ಲದೆ ಹಂಚುವುದು, ಸಾರ್ವಜನಿಕವಾಗಿ ತೋರಿಸುವುದು, ಮಾರಾಟಕ್ಕೋ ಬಾಡಿಗೆಗೋ ಕೊಡುವುದು ಅಪರಾಧ ಎಂದು ಸ್ಪಷ್ಟಪಡಿಸಿ, ಆ ಎಚ್ಚರಿಕೆಯ ಮಾತನ್ನೇ ಬದಲಿಸಲು ಹೇಳಿದರು. ಆದೇಶ ಬಂದು ಎಷ್ಟೋ ವರ್ಷವಾಯಿತು, ಹಳೆಯ ಎಚ್ಚರಿಕೆ ಮಾತ್ರ ಫ್ಯಾಮಿಲಿ ಗ್ರೂಪುಗಳಲ್ಲಿ ಇನ್ನೂ ಓಡಾಡಿಕೊಂಡಿದೆ. ಹಾಗಾಗಿ ನಿಮ್ಮ ಅತ್ತೆಯವರನ್ನು ಯಾರೂ ಮಂಚದ ಸಮೇತ ಎತ್ತಿಕೊಂಡು ಹೋಗುವುದಿಲ್ಲ.

ಇನ್ನು ಹುಡುಗನ ವಾದ. ಅರ್ಧ ಸರಿ, ಮತ್ತು ಆ ಅರ್ಧ ಅವನು ತಿಳಿದುಕೊಂಡಿರುವುದಕ್ಕಿಂತ ಗಟ್ಟಿಯಾಗಿದೆ. 1957ರ ಕಾಪಿರೈಟ್ ಕಾಯ್ದೆಯ ಕಲಂ 39ರ ಪ್ರಕಾರ, ಪ್ರಸಾರವಾದ ಕಾರ್ಯಕ್ರಮವನ್ನು ನೀವು ನಿಮ್ಮ ಸ್ವಂತ ಬಳಕೆಗೆ ರೆಕಾರ್ಡ್ ಮಾಡಿಕೊಂಡರೆ ಚಾನೆಲ್ಲಿನ ಹಕ್ಕಿಗೆ ಧಕ್ಕೆಯಿಲ್ಲ. ರೆಕಾರ್ಡ್ ಆಗುವ ಸೆಟ್‌ಟಾಪ್ ಬಾಕ್ಸ್ ತಂದು, ಕರೆಂಟಿದ್ದಾಗ ಬಂದದ್ದನ್ನು ಹಿಡಿದಿಟ್ಟು, ಅತ್ತೆ ಎಚ್ಚರವಿದ್ದಾಗ ಹಾಕಿದರೆ ಮೇಷ್ಟ್ರೂ ಪಕ್ಕದಲ್ಲಿ ಕೂತು ನೆಮ್ಮದಿಯಾಗಿ ನೋಡಬಹುದು. ಆದರೆ ಆ ಕಲಂ ಹೇಳುವುದು ರೆಕಾರ್ಡ್ ಮಾಡಿಕೊಂಡವರ ಸ್ವಂತ ಬಳಕೆಯ ಮಾತು. ಯಾರೋ ಮಾಡಿ, ಯಾರೋ ಸಾವಿರಾರು ಜನಕ್ಕೆ ಹಂಚಿ, ಅದನ್ನು ಇನ್ಯಾರೋ ಪೆನ್ ಡ್ರೈವ್‌ಗೆ ಹಾಕಿಕೊಂಡು ಬಂದದ್ದು ಅದರೊಳಗೆ ಬರುವುದಿಲ್ಲ. ಅಲ್ಲದೆ ಧಾರಾವಾಹಿಯ ಮೇಲೆ ಚಾನೆಲ್ಲಿನ ಪ್ರಸಾರದ ಹಕ್ಕು ಒಂದಾದರೆ, ನಿರ್ಮಾಣ ಮಾಡಿದವರ ಹಕ್ಕು ಬೇರೆಯೇ ಒಂದು. ಕಾಯ್ದೆಯ ಕಣ್ಣಿಗೆ ಪ್ರತಿ ಕಂತೂ ಒಂದು ಚಲನಚಿತ್ರ.

ಹುಡುಗ ಓದಿಕೊಂಡವನಾದರೆ ಕಲಂ 52 ಹಿಡಿದುಕೊಂಡು ಬಂದಾನು. ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯವಾದ ರೀತಿಯಲ್ಲಿ ಉಪಯೋಗಿಸಿದರೆ ಉಲ್ಲಂಘನೆಯಲ್ಲ ಎಂದು ಅಲ್ಲಿದೆ. 2012ರ ತಿದ್ದುಪಡಿಯ ನಂತರ ಸಿನಿಮಾ, ಧಾರಾವಾಹಿಗಳಿಗೂ ಅದು ಅನ್ವಯ. ಆದರೆ ತೂಕವಿರುವುದು ‘ನ್ಯಾಯವಾದ’ ಎಂಬ ಪದಕ್ಕೆ. ದುಡ್ಡು ಕೊಟ್ಟು ಕೊಂಡ ಪುಸ್ತಕದ ನಾಲ್ಕು ಪುಟ ಜೆರಾಕ್ಸ್ ಮಾಡಿಸಿದಂತಲ್ಲ ಇದು. ಇಡೀ ಮಾಲು, ಅದೂ ಕದ್ದು ಹಾಕಿದ ಕಡೆಯಿಂದ ತಂದದ್ದು. ಹುಡುಗನ ಪರ ವಕಾಲತ್ತು ಹಾಕು ಎಂದರೆ ಹಾಕುತ್ತೇನೆ, ಗೆಲ್ಲಿಸುತ್ತೇನೆಂದು ಮಾತು ಕೊಡುವುದಿಲ್ಲ.

ಅವನಿಗೆ ನಿಜವಾಗಿ ಗಂಡಾಂತರವಿರುವುದು ಟೊರೆಂಟ್‌ನಲ್ಲಿ. ಬಹಳ ಜನ ಅದನ್ನು ಬರೀ ಡೌನ್‌ಲೋಡ್ ಅಂದುಕೊಂಡಿದ್ದಾರೆ. ಅಲ್ಲ. ಫೈಲು ಚೂರುಚೂರಾಗಿ ನಿಮ್ಮ ಕಂಪ್ಯೂಟರಿಗೆ ಬರುತ್ತಿರುವಾಗಲೇ, ಬಂದ ಚೂರುಗಳು ನಿಮ್ಮಿಂದ ಬೇರೆಯವರಿಗೆ ಹೋಗುತ್ತಿರುತ್ತವೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತವರ ಕೈಗೇ ಸೌಟು ಕೊಟ್ಟ ಹಾಗೆ: ಉಣ್ಣುತ್ತ ಉಣ್ಣುತ್ತ ಪಕ್ಕದೆಲೆಗೆ ಬಡಿಸುತ್ತಲೂ ಇರುತ್ತೀರಿ. ಬಡಿಸಿದರೆ ಅದು ಹಂಚಿಕೆ. ಗೊತ್ತಿದ್ದೂ ಉಲ್ಲಂಘಿಸಿದವರಿಗೆ ಕಲಂ 63ರಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ವ್ಯಾಪಾರಕ್ಕಲ್ಲದಿದ್ದರೆ ಕೋರ್ಟು ವಿಶೇಷ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಇದು ಜಾಮೀನುರಹಿತ ಅಪರಾಧ ಎಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಹಾಸನದ ಕೋರ್ಟಿನಲ್ಲಿ ನನ್ನ 26 ವರ್ಷದಲ್ಲಿ, ಮನೆಯಲ್ಲಿ ಕೂತು ಸೀರಿಯಲ್ ಇಳಿಸಿಕೊಂಡವನ ಮೇಲೆ ಒಂದೇ ಒಂದು ಕೇಸು ನೋಡಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ.

ಕಾನೂನು ಬಿಡಿ, ತಪ್ಪೋ ಅಲ್ಲವೋ ಎಂದು ಕೇಳಿದ್ದೀರಲ್ಲ. ಈ ಪ್ರಶ್ನೆಗೆ ಉತ್ತರ ಹೇಳಲು ನಾನು ಅಷ್ಟೇನೂ ಯೋಗ್ಯನಲ್ಲ. ಲಾ ಕಾಲೇಜಿಗೆ ಸೇರುವ ಮೊದಲು ಎರಡು ವರ್ಷ ವಿಡಿಯೊ ಲೈಬ್ರರಿಯೊಂದರ ಕೌಂಟರಿನಲ್ಲಿ ಕೂತು, ಎರಡು ವಿಸಿಆರ್ ಜೋಡಿಸಿ ಒಂದು ಕ್ಯಾಸೆಟ್ಟನ್ನು ನಾಲ್ಕು ಮಾಡಿದವನು. ಹತ್ತು ವರ್ಷದ ಹಿಂದೆ ಒಂದು ಇಂಗ್ಲಿಷ್ ಧಾರಾವಾಹಿಯ ಹುಚ್ಚು ಹತ್ತಿ, ರಾತ್ರಿಯಿಡೀ ಟೊರೆಂಟ್ ಹಾಕಿ ಮಲಗಿ, ಬೆಳಿಗ್ಗೆ ಎದ್ದು ಎಷ್ಟು ಪರ್ಸೆಂಟ್ ಆಯಿತೆಂದು ಹಲ್ಲುಜ್ಜುವ ಮೊದಲೇ ನೋಡುತ್ತಿದ್ದೆ. ಫೋಲ್ಡರಿಗೆ ‘ತಹಶೀಲ್ದಾರ್ ಅಪೀಲು’ ಎಂದು ಹೆಸರಿಟ್ಟಿದ್ದೆ, ಜೂನಿಯರುಗಳು ಮುಟ್ಟದಿರಲೆಂದು. ಒಂದು ದಿನ ನಿಜವಾದ ಅಪೀಲಿನ ಕಾಗದ ಹುಡುಕುತ್ತ ಜೂನಿಯರ್ ಹುಡುಗಿ ಅದನ್ನೇ ತೆರೆದಳು. ಏನೂ ಹೇಳಲಿಲ್ಲ. ಮುಚ್ಚಿ, ‘ಸಾರ್, ಇದರಲ್ಲಿ ಎಂಟನೇ ಅಪೀಲು ಇಲ್ಲ’ ಎಂದಳು.

ಆಗ ನನ್ನ ಸಮಜಾಯಿಷಿ: ಅದು ನಮ್ಮ ದೇಶದಲ್ಲಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ. ಹಾಗಾಗಿ ಆ ಸಮಜಾಯಿಷಿಯೂ ಕೈಬಿಟ್ಟಿತು. ಅದಕ್ಕೇ ನಿಮ್ಮ ಪೆನ್ ಡ್ರೈವನ್ನು ನಾನು ಎರಡು ಭಾಗ ಮಾಡುತ್ತೇನೆ. ಇಂಗ್ಲಿಷ್ ಸೀರಿಯಲ್ಲಿಗೆ ನೀವು ಎಲ್ಲೂ ದುಡ್ಡು ಕೊಟ್ಟಿಲ್ಲ, ಕೊಡುವ ದಾರಿ ಇದೆ, ಅದು ತಪ್ಪೇ. ಅತ್ತೆಯ ಧಾರಾವಾಹಿಗೆ ದುಡ್ಡು ಕಟ್ಟಿದ್ದೀರಿ, ಮಳೆ ತಪ್ಪಿಸಿತು. ಅದನ್ನು ಕಳ್ಳತನ ಎನ್ನಲು ನನಗೆ ಬಾಯಿ ಬರುವುದಿಲ್ಲ, ಕಾಯ್ದೆ ಏನೇ ಅನ್ನಲಿ.

ಟಿಆರ್‌ಪಿ ಹೋಗುತ್ತದೆ ಎಂದು ಮೇಷ್ಟ್ರು ವಾದಿಸಿದರೆ, ಆ ಮೀಟರು ಇರುವುದು ಆಯ್ದ ಕೆಲವು ಮನೆಗಳಲ್ಲಿ ಮಾತ್ರ ಎಂದು ಹೇಳಿ. ನಿಮ್ಮ ಮನೆಯಲ್ಲಿ ಅದಿಲ್ಲದಿದ್ದರೆ ಅತ್ತೆ ನೋಡಿದ್ದೂ ಲೆಕ್ಕಕ್ಕಿಲ್ಲ, ಬಿಟ್ಟಿದ್ದೂ ಲೆಕ್ಕಕ್ಕಿಲ್ಲ. ಆ್ಯಪ್‌ನಲ್ಲಿ ಹಾಗಲ್ಲ, ಒಂದೊಂದು ವೀಕ್ಷಣೆಯೂ ಎಣಿಕೆಗೆ ಸಿಗುತ್ತದೆ. ಹುಡುಗನಿಗೆ ಹೇಳಬೇಕಾದದ್ದೂ ಅದೇ. ಚಾನೆಲ್ಲುಗಳ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಡೌನ್‌ಲೋಡ್ ಬಟನ್ ಇರುತ್ತದೆ. ಬೆಂಗಳೂರಿನ ವೈಫೈನಲ್ಲಿ ಫೋನಿಗೋ ಟ್ಯಾಬಿಗೋ ಇಳಿಸಿಕೊಂಡು ಬಂದರೆ ನಿಮ್ಮ ಹಳ್ಳಿಯಲ್ಲಿ ನೆಟ್ ಇಲ್ಲದೆಯೂ ಓಡುತ್ತದೆ. ಟ್ಯಾಬನ್ನು ಅತ್ತೆಯ ದಿಂಬಿಗೆ ಒರಗಿಸಿಟ್ಟರಾಯಿತು. ಆ ಫೈಲಿನ ಬೀಗ ಒಡೆದು ಪೆನ್ ಡ್ರೈವ್‌ಗೆ ಹಾಕುವ ಜಾಣತನ ಮಾತ್ರ ಬೇಡ. ಬೀಗ ಒಡೆದದ್ದಕ್ಕೇ ಕಲಂ 65ಎ ಬೇರೆ ಇದೆ, 2 ವರ್ಷದವರೆಗೆ.

ನನ್ನ ಕಕ್ಷಿದಾರರಲ್ಲಿ ಒಬ್ಬರು ಧಾರಾವಾಹಿಗೆ ಸಂಭಾಷಣೆ ಬರೆಯುವವರು. ಒಂದು ಸಂಜೆ ಇದೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮರುದಿನದ ದೃಶ್ಯ ಬರೆಯುತ್ತಿದ್ದರು. ಅತ್ತೆ ಸೊಸೆಗೆ ಬೀಗದ ಕೈ ಕೊಡಬೇಕೋ ಬೇಡವೋ ಎಂದು ನನ್ನನ್ನೂ ಕೇಳಿದರು. ಅಷ್ಟರಲ್ಲಿ ಅವರ ಸೋದರಮಾವ ಅವರದೇ ಧಾರಾವಾಹಿಯ ಅವತ್ತಿನ ಕಂತನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿ ‘ನಮ್ಮ ಹುಡುಗನ ಕೆಲಸ’ ಎಂದು ಬರೆದಿದ್ದರು. ಅವರು ನಕ್ಕರು. ಅವರು ನನ್ನ ಬಳಿ ಬಂದಿದ್ದ ಕಾರಣ ಬೇರೆ: ಮೂರು ತಿಂಗಳ ಕಂತಿನ ಹಣ ಬಾಕಿ ಉಳಿಸಿಕೊಂಡಿದ್ದ ನಿರ್ಮಾಪಕರಿಗೆ ನೋಟಿಸ್ ಕಳಿಸುವುದು. ‘ಸೋದರಮಾವನ ಮೇಲೆ ಕೇಸು ಹಾಕೋಣವೇ?’ ಎಂದು ತಮಾಷೆ ಮಾಡಿದೆ. ‘ಮಾವ ಕದ್ದದ್ದು ಒಂದು ಕಂತು ಸಾರ್, ಇವರು ಎಪ್ಪತ್ತೆಂಟು’ ಎಂದರು.

ಪ್ರಶ್ನೆ: ಗದಗದಾಗ ಮೊಬೈಲ್ ಅಂಗಡಿ ಇಟ್ಟೀನ್ರಿ. ಮೊದಲೆಲ್ಲ ಮೆಮೊರಿ ಕಾರ್ಡಿಗೆ ಹಾಡು ಲೋಡ್ ಮಾಡಿ ಕೊಡ್ತಿದ್ವಿ. ಈಗ ಗಿರಾಕಿಗಳು ಸೀರಿಯಲ್, ವೆಬ್ ಸೀರೀಸ್ ಕೇಳ್ತಾರ. 30-40 ರೂಪಾಯಿ ಸಿಗತೈತಿ. ತೊಂದರಿ ಐತೇನ್ರಿ?

ಉತ್ತರ: ಐತಿ. ಮೇಲಿನ ಹುಡುಗನಿಗೆ ಹೇಳಿದ ರಿಯಾಯಿತಿ ಯಾವುದೂ ನಿಮಗಿಲ್ಲ, ಯಾಕೆಂದರೆ ನೀವು ದುಡ್ಡಿಗೆ ಮಾಡುತ್ತಿದ್ದೀರಿ. ಕಲಂ 64ರ ಪ್ರಕಾರ ಸಬ್ ಇನ್‌ಸ್ಪೆಕ್ಟರ್ ವಾರಂಟಿಲ್ಲದೆ ಬಂದು ನಿಮ್ಮ ಕಂಪ್ಯೂಟರು, ಹಾರ್ಡ್ ಡಿಸ್ಕು ಎತ್ತಿಕೊಂಡು ಹೋಗಬಹುದು. ರಿಪೇರಿಗೆ ಬಂದ ಗಿರಾಕಿಗಳ ಫೋನಿನ ಬ್ಯಾಕಪ್ಪೂ ಅದೇ ಡಿಸ್ಕಿನಲ್ಲಿದ್ದರೆ ಅದೂ ಹೋಯಿತು. ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ: ನಮ್ಮ ಕರ್ನಾಟಕದ ಗೂಂಡಾ ಕಾಯ್ದೆಯ ಉದ್ದನೆಯ ಹೆಸರಿನಲ್ಲೇ ಕಳ್ಳಭಟ್ಟಿಯವರು, ಜೂಜುಕೋರರ ಸಾಲಿನಲ್ಲಿ ವಿಡಿಯೊ-ಆಡಿಯೊ ಪೈರಸಿ ಮಾಡುವವರೂ ಇದ್ದಾರೆ. 40 ರೂಪಾಯಿಗೆ ಆ ಪಂಕ್ತಿಯಲ್ಲಿ ಯಾಕೆ ಕೂರುತ್ತೀರಿ? ಸ್ಕ್ರೀನ್‌ಗಾರ್ಡ್ ಹಾಕಿದರೆ ಅದಕ್ಕಿಂತ ಹೆಚ್ಚು ಉಳಿಯುತ್ತದೆ.

ಪ್ರಶ್ನೆ: ಮಗ ಜರ್ಮನಿಯಲ್ಲಿ ಎಂ.ಎಸ್. ಓದುತ್ತಿದ್ದಾನೆ. ಅಲ್ಲಿನ ವಕೀಲರ ಕಚೇರಿಯಿಂದ ಪತ್ರ ಬಂದಿದೆಯಂತೆ, ಟೊರೆಂಟ್‌ನಲ್ಲಿ ಒಂದು ಸೀರೀಸ್‌ನ ಕಂತು ಇಳಿಸಿದ್ದಕ್ಕೆ ನೂರಾರು ಯೂರೋ ಕೇಳಿದ್ದಾರೆ. ರೂಮಿನಲ್ಲಿ ನಾಲ್ವರು, ಇಂಟರ್ನೆಟ್ ಇವನ ಹೆಸರಿನಲ್ಲಿ. ವೀಸಾ ಹೋಗುತ್ತದೆಯೇ ಎಂದು ನಿದ್ದೆಯಿಲ್ಲ.
– ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ನಿದ್ದೆ ಮಾಡಿ. ಅದು ಪೊಲೀಸರ ಸಮನ್ಸ್ ಅಲ್ಲ, ಎದುರು ಪಕ್ಷದ ವಕೀಲರ ನೋಟಿಸು. ಅಲ್ಲಿ ಅದಕ್ಕೆ ‘ಆಬ್‌ಮಾನುಂಗ್’ ಎನ್ನುತ್ತಾರೆ, ನಮ್ಮ ಹುಡುಗರು ಬಹಳ ಜನ ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲೇ ಕಲಿಯುವ ಜರ್ಮನ್ ಪದಗಳಲ್ಲಿ ಅದೂ ಒಂದು. ಇಲ್ಲಿ ಯಾರೂ ಕೇಳುವುದಿಲ್ಲವೆಂಬ ಅಭ್ಯಾಸ ಲಗೇಜಿನ ಜೊತೆ ವಿಮಾನ ಹತ್ತಿರುತ್ತದೆ. ಟೊರೆಂಟ್‌ನಲ್ಲಿ ಯಾರು ಯಾರಿಗೆ ಬಡಿಸುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಐಪಿ ವಿಳಾಸ ಗುರುತು ಹಾಕಿಕೊಂಡು, ಕೋರ್ಟಿನ ಮೂಲಕ ಇಂಟರ್ನೆಟ್ ಕಂಪನಿಯಿಂದ ಹೆಸರು ತರಿಸಿಕೊಂಡು ಈ ಪತ್ರ ಕಳಿಸುತ್ತಾರೆ.

ಎರಡು ತಪ್ಪು ಮಾಡದಿರಲಿ. ಪತ್ರವನ್ನು ಡ್ರಾಯರಿಗೆ ಹಾಕಿ ಸುಮ್ಮನಿರುವುದು ಒಂದು; ಅದರಲ್ಲಿ ಕೊಟ್ಟ ಗಡುವು ನಿಜವಾದದ್ದು. ಹೆದರಿ, ಜೊತೆಗೆ ಬಂದಿರುವ ಮುಚ್ಚಳಿಕೆಗೆ ಇದ್ದ ಹಾಗೇ ಸಹಿ ಹಾಕುವುದು ಇನ್ನೊಂದು. ಆ ಮುಚ್ಚಳಿಕೆ ಬಹಳ ಕಾಲ ಕಟ್ಟಿಹಾಕುತ್ತದೆ, ಭಾಷೆ ತಿದ್ದಿಸಿ ಕೊಡುವ ದಾರಿ ಇದೆ. ಡೌನ್‌ಲೋಡ್ ಮಾಡಿದ್ದು ರೂಮಿನ ಇನ್ನೊಬ್ಬನಾಗಿದ್ದರೆ ಅದೂ ಮುಖ್ಯ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದಲ್ಲಿ ಕಾನೂನು ಸಲಹೆ ಸಿಗುತ್ತದೆಯೇ ಕೇಳಲಿ, ಗ್ರಾಹಕ ಸಲಹಾ ಕೇಂದ್ರಗಳೂ ಇವೆ. ಜರ್ಮನ್ ಕಾನೂನಿಗೆ ಹಾಸನದ ವಕೀಲನನ್ನು ನೆಚ್ಚಿಕೊಳ್ಳಬೇಡಿ.

ಪ್ರಶ್ನೆ: 1990ರಲ್ಲಿ ದೂರದರ್ಶನದಲ್ಲಿ ಬಂದ ಒಂದು ಕನ್ನಡ ಧಾರಾವಾಹಿಯ ಕಂತುಗಳನ್ನು ಆಗ ವಿಎಚ್‌ಎಸ್ ಟೇಪಿನಲ್ಲಿ ಹಿಡಿದಿಟ್ಟಿದ್ದೇನೆ. ಎಲ್ಲೂ ಸಿಗುತ್ತಿಲ್ಲ. ಯೂಟ್ಯೂಬಿಗೆ ಹಾಕಬಹುದೇ?
– ನಿವೃತ್ತ ಬ್ಯಾಂಕ್ ನೌಕರ, ಸಾಗರ

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಟೇಪು ದುಬಾರಿಯಾಗಿದ್ದ ಆ ಕಾಲದಲ್ಲಿ ಸ್ಟುಡಿಯೊಗಳು ಒಂದರ ಮೇಲೆ ಇನ್ನೊಂದು ಕಾರ್ಯಕ್ರಮ ಅಚ್ಚು ಮಾಡುವುದು ಮಾಮೂಲಿಯಾಗಿತ್ತು. ಯಾರಿಗೆ ಗೊತ್ತು, ನಿಮ್ಮ ಬೀರುವಿನಲ್ಲಿರುವುದೇ ಕೊನೆಯ ಪ್ರತಿ ಇರಬಹುದು.

ಲೆಕ್ಕ ಹೀಗಿದೆ. ಪ್ರಸಾರ ಮಾಡಿದವರ ಹಕ್ಕು 25 ವರ್ಷ, 2015ರ ಕೊನೆಗೆ ಮುಗಿಯಿತು. ಧಾರಾವಾಹಿಯ ಹಕ್ಕು ಚಲನಚಿತ್ರದ ಹಾಗೆ 60 ವರ್ಷ. 1991ರ ಜನವರಿಯಿಂದ ಎಣಿಸಿದರೆ 2050ರ ಡಿಸೆಂಬರ್ ಮುಗಿಯಬೇಕು. ಇಟ್ಟುಕೊಳ್ಳಲು, ಮನೆಯಲ್ಲಿ ನೋಡಲು ಅಡ್ಡಿಯಿಲ್ಲ. ಯೂಟ್ಯೂಬಿಗೆ ಹಾಕುವಂತಿಲ್ಲ. ಹಾಕಿದರೆ ಮೂರು ದಿನದಲ್ಲಿ ಯಾರೋ ದೂರು ಕೊಟ್ಟು ತೆಗೆಸುತ್ತಾರೆ, ಇಲ್ಲವೇ ಮೂರು ವರ್ಷ ಯಾರೂ ಕೇಳುವುದಿಲ್ಲ, ಎರಡನ್ನೂ ನೋಡಿದ್ದೇನೆ. ನಿಮ್ಮ ಜಾಗದಲ್ಲಿ ನಾನಿದ್ದರೆ ನಿರ್ದೇಶಕರಿಗೋ ಅವರ ಮನೆಯವರಿಗೋ ಒಂದು ಕಾಗದ, ಪ್ರಸಾರ ಭಾರತಿಯ ಆರ್ಕೈವ್ಸ್‌ಗೆ ಇನ್ನೊಂದು ಬರೆಯುತ್ತಿದ್ದೆ. ಹಳೆಯ ಕಾರ್ಯಕ್ರಮಗಳನ್ನು ಅವರೇ ಯೂಟ್ಯೂಬಿಗೆ ಹಾಕುತ್ತಿದ್ದಾರೆ. ಹಕ್ಕುದಾರರು ಯಾರೆಂದೇ ಪತ್ತೆಯಾಗದಿದ್ದರೆ ಕಲಂ 31ಎ ಅಡಿ ಲೈಸೆನ್ಸ್ ಕೇಳಬಹುದು, ದಾರಿ ದೂರ.

ಅದಕ್ಕಿಂತ ಅವಸರದ್ದು ಟೇಪು. ಸಾಗರದ ಮಳೆಗೆ ಬೂಷ್ಟು ಹಿಡಿಯದೆ ಬಿಟ್ಟಿರಲಾರದು. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಪ್ಲೇಯರಿಗೆ ಹಾಕಬೇಡಿ, ಹೆಡ್ಡೂ ಕೆಡುತ್ತದೆ, ಟೇಪೂ ಹರಿಯುತ್ತದೆ. ಒಣಗಿದ ಜಾಗದಲ್ಲಿ, ಪುಸ್ತಕದ ಹಾಗೆ ನಿಲ್ಲಿಸಿಡಿ. ಮದುವೆ ಕ್ಯಾಸೆಟ್ ಡಿಜಿಟಲ್ ಮಾಡಿಕೊಡುವ ಸ್ಟುಡಿಯೊದವರು ಶಿವಮೊಗ್ಗದಲ್ಲಿ ಸಿಕ್ಕಾರು. ಕೊಡುವಾಗ ಪಕ್ಕದಲ್ಲೇ ಕೂತಿರಿ, ಹಿಂದಿನ ಗಿರಾಕಿಯ ಆರತಕ್ಷತೆ ನಿಮ್ಮ ಮೂರನೇ ಕಂತಿನ ಮೇಲೆ ಕೂತುಬಿಟ್ಟೀತು.