ಬಿದ್ದ ಅಪ್ಪೆಮರವನ್ನು ದಿಮ್ಮಿಯಾಗಿಯೇ ಒಣಗಲು ಬಿಡಬೇಡಿ

ಮುಂಗಾರು ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ನನಗೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಊರು ಬೇರೆ, ಮರ ಬೇರೆ, ಕೇಳುವುದು ಮಾತ್ರ ಅದೇ. ಪ್ರತಿ ವರ್ಷ ಉತ್ತರ ಬರೆಯುತ್ತೇನೆ, ಪ್ರತಿ ವರ್ಷ ಎಲ್ಲೋ ಒಂದು ಕಡೆ ಊರಿನ ಗುರುತಾಗಿದ್ದ ಮರ ರಸ್ತೆ ಬದಿಯಲ್ಲಿ ಕೊಳೆಯುತ್ತದೆ. ಆದ್ದರಿಂದ ಈ ಸಲ ಆ ಪ್ರಶ್ನೆಗೇ ಹೆಚ್ಚು ಜಾಗ.

ನಮ್ಮೂರ ದೇವಸ್ಥಾನದ ಎದುರಿನ ಅಪ್ಪೆಮಿಡಿ ಮಾವಿನ ಮರ ಗಾಳಿಗೆ ಬುಡಸಮೇತ ಬಿತ್ತು. ಅಜ್ಜನ ಕಾಲದಿಂದ ಊರಿಗೆ ಅದೇ ಗುರುತು, ಬಸ್ಸು ನಿಲ್ಲುವ ಜಾಗಕ್ಕೂ ಅದೇ ಹೆಸರು. ಸುತ್ತಳತೆ 12 ಅಡಿ. ಒಂದೇ ಹಲಗೆಯಲ್ಲಿ ಸಭಾಭವನಕ್ಕೆ ಮೇಜು ಮಾಡಿಸಬೇಕೆಂದಿದ್ದೇವೆ. ದಿಮ್ಮಿ ಒಂದು ವರ್ಷ ಅಲ್ಲೇ ಒಣಗಲಿ, ಆಮೇಲೆ ಕುಯ್ಸೋಣ ಅಂತ ಹಿರಿಯರು ಹೇಳುತ್ತಾರೆ. ಬಿರುಕು ಬಿಡದಂತೆ ಏನು ಹಚ್ಚಬೇಕು? — ಹೊಸನಗರ ತಾಲ್ಲೂಕಿನ ಓದುಗರು

ಒಂದು ವರ್ಷ ಬಿಟ್ಟರೆ ಮರದ ಆಸೆ ಬಿಟ್ಟಂತೆಯೇ. ನಿಮ್ಮ ಹಿರಿಯರು ಹೇಳುವುದು ಬೀಟೆ, ಸಾಗುವಾನಿ, ಹೊನ್ನೆ ನೋಡಿದ ಅನುಭವದಿಂದ. ಆ ಮರಗಳ ಚೇಗು, ಅಂದರೆ ಒಳಗಿನ ಗಟ್ಟಿ ಭಾಗ, ಕೆಸರಲ್ಲಿ ಬಿದ್ದಿದ್ದರೂ ಬೇಗ ಕೆಡುವುದಿಲ್ಲ. ಮಾವಿಗೆ ಅಂಥ ಗಟ್ಟಿ ಚೇಗಿಲ್ಲ. ಅದರ ತುಂಬ ಪಿಷ್ಟ, ಸಕ್ಕರೆ. ನಮ್ಮ ಮಳೆಯಲ್ಲಿ ಎರಡು ಮೂರು ವಾರಕ್ಕೆ ಕೊಯ್ದ ತುದಿಯಿಂದ ಒಳಕ್ಕೆ ನೀಲಿಗಪ್ಪು ಗೆರೆ ಓಡುತ್ತದೆ, ಅದು ಬೂಷ್ಟು. ಅದರ ಬೆನ್ನಿಗೆ ಸೂಜಿಮೊನೆಯಷ್ಟು ತೂತು, ತೂತಿನ ಬಾಯಲ್ಲಿ ಬಿಳಿ ಹಿಟ್ಟು. ಹಿಟ್ಟು ಕಂಡಿತೆಂದರೆ ಹುಳ ಒಳಗೆ ಮನೆ ಮಾಡಿಯಾಯಿತು. 12 ಅಡಿ ಸುತ್ತಳತೆಯೆಂದರೆ ಅಡ್ಡಕ್ಕೆ ಹೆಚ್ಚುಕಡಿಮೆ 4 ಅಡಿ. ತೊಗಟೆ ಹೊದ್ದುಕೊಂಡು ಮಲಗಿದ ಅಂಥ ದಿಮ್ಮಿಯ ನಡುಭಾಗ ಒಂದು ವರ್ಷದಲ್ಲಿ ಒಣಗುವ ಮಾತೇ ಇಲ್ಲ. ಮರ ಒಣಗಬೇಕಾದದ್ದು ಹಲಗೆಯಾಗಿ. ಬಿದ್ದ ಹದಿನೈದು ದಿನದೊಳಗೆ ಕುಯ್ಸಿ.

ಗರಗಸ ಇಡುವ ಮೊದಲು ವಲಯ ಅರಣ್ಯಾಧಿಕಾರಿಗೆ ಬರೆದು ಕೊಡಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಸಾಗಿಸಲು ರಹದಾರಿ ಬೇಕಾಗಬಹುದು. ತಾನಾಗಿಯೇ ಬಿದ್ದದ್ದು ತಾನೇ ಎಂದುಕೊಂಡು ಲಾರಿಗೆ ಏರಿಸಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಊರಿನ ಎಲ್ಲರಿಗೂ ಹೇಳಿ. ಬುಡ ಕಿತ್ತು ಬಿದ್ದ ಮರದ ಬೇರಿನ ಗೋಡೆ ಎದ್ದು ನಿಂತಿರುತ್ತದೆ, ಕೆಳಗೆ ಗುಂಡಿ. ಕಾಂಡವನ್ನು ಬುಡದಿಂದ ಬೇರ್ಪಡಿಸಿದ ಕ್ಷಣ ಆ ಗೋಡೆ ಮಣ್ಣಿನ ಸಮೇತ ತನ್ನ ಜಾಗಕ್ಕೆ ವಾಪಸ್ ಬೀಳಬಹುದು. ಗುಂಡಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ನಾನೇ ಕೂಗಿ ಎಬ್ಬಿಸಿದ್ದೇನೆ. ಆ ಕೊಯ್ತ ಕೂಲಿಗೆ ಬಂದ ಹುಡುಗರ ಕೆಲಸವಲ್ಲ.

ದೇವಸ್ಥಾನದ ಎದುರಿನ ಮರವೆಂದರೆ ಮೊಳೆ ಇದ್ದೇ ಇರುತ್ತದೆ. ಬೋರ್ಡು, ತೋರಣ, ಮೈಕಿನ ತಂತಿ, ದನ ಕಟ್ಟುವ ಕೊಂಡಿ, ಎಲ್ಲವನ್ನೂ ಹೊಡೆಯುವುದು ಕೈಗೆಟಕುವ ಎತ್ತರದಲ್ಲಿ, ಅಂದರೆ ಕಾಂಡದ ಅತ್ಯುತ್ತಮ ಭಾಗದಲ್ಲಿ. ಮರ ಬೆಳೆಯುತ್ತ ಅದನ್ನು ನುಂಗುತ್ತದೆ, ಹೊರಗೆ ಗಾಯವೂ ಕಾಣುವುದಿಲ್ಲ. ವರ್ಷಗಳ ಹಿಂದೆ ಒಂದು ಮಿಲ್ಲಿನಲ್ಲಿ ಇಂಥದೇ ದಿಮ್ಮಿಯನ್ನು ಸುತ್ತ ತಟ್ಟಿ ನೋಡಿ, ಏನೂ ಇಲ್ಲ, ಹಾಕಿ ಎಂದವನು ನಾನು. ಎರಡನೇ ಹಲಗೆಗೆ ಗರಗಸದ ದನಿ ಬದಲಾಯಿತು, ಗುಂಯ್ ಎನ್ನುತ್ತಿದ್ದದ್ದು ಒಮ್ಮೆಲೇ ಕೀರಿತು. ಬ್ಲೇಡು ತುಂಡಾಗಿ ದಿಮ್ಮಿ ತಳ್ಳುತ್ತಿದ್ದವನ ಮುಂಗೈ ಸೀಳಿತು. ಆಮೇಲೆ ಸೀಳಿ ನೋಡಿದರೆ ತೊಗಟೆಯಿಂದ ಗೇಣು ಒಳಗೆ ಬೆರಳುದ್ದದ ಮೊಳೆ, ಅದರ ಮೇಲೂ ಕೆಳಗೂ ಮೊಳದುದ್ದ ಕಪ್ಪು ಕಲೆ. ಕಬ್ಬಿಣ ಮರದ ಒಗರಿಗೆ ಸೇರಿದರೆ ಹಾಗೆ ಕಪ್ಪಾಗುತ್ತದೆ. ಅಂದಿನಿಂದ ಲೋಹ ಪತ್ತೆ ಮಾಡುವ ಯಂತ್ರ ಆಡಿಸದೆ ಊರಮರವನ್ನು ಮಿಲ್ಲಿಗೆ ಏರಿಸಲು ನಾನು ಒಪ್ಪಿಲ್ಲ. ಯಂತ್ರ ಕೂಡ ಆಳದ ಮೊಳೆಯನ್ನು ಬಿಟ್ಟುಬಿಡಬಹುದು. ಹಾಗಾಗಿ ದಿಮ್ಮಿಯ ತುದಿಯಲ್ಲಿ ಕಪ್ಪು ಕಲೆ ಕಂಡರೆ ಅದರ ಜಾಡು ಹಿಡಿಯಿರಿ. ಮಿಲ್ಲಿನವರು ಊರಮರ ಬೇಡ ಎಂದರೆ ಅವರ ಮೇಲೆ ಸಿಟ್ಟಾಗಬೇಡಿ.

ಈಗ ನಿಮ್ಮ ಮೇಜು. ಒಂದೇ ಹಲಗೆಯ ಹಟ ಬಿಡಿ. ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಗಾಳಿಯಲ್ಲಿ ಒಣಗಿಸುವ ಹಳೆಯ ಲೆಕ್ಕ. ನಾಲ್ಕಿಂಚಿನ ಹಲಗೆಗೆ ನಾಲ್ಕು ವರ್ಷ ಕಾಯುವ ತಾಳ್ಮೆ ಯಾವ ಸಮಿತಿಗೂ ಇದ್ದದ್ದನ್ನು ನಾನು ಕಂಡಿಲ್ಲ. ಮರ ಒಣಗುವಾಗ ಸುತ್ತಿನ ದಿಕ್ಕಿಗೆ ಕುಗ್ಗುವುದು ನಡುವಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಅದಕ್ಕೇ ಕಾಂಡದ ನಟ್ಟನಡುವಿನ ತಿರುಳು ಒಳಗಿರುವ ಅಗಲದ ಹಲಗೆ ಸೀಳುತ್ತದೆ. ಎರಡಿಂಚಿನ ಹಲಗೆ ತೆಗೆಸಿ, ತಿರುಳಿನ ಪಟ್ಟಿಯನ್ನು ಕಳೆದುಬಿಡಿ, ಅಕ್ಕಪಕ್ಕದ ಮೂರು ನಾಲ್ಕು ಹಲಗೆ ಜೋಡಿಸಿ. ಒಂದೇ ದಿಮ್ಮಿಯ ಹಲಗೆಗಳಾದ್ದರಿಂದ ಗೆರೆಗೆ ಗೆರೆ ಕೂಡುತ್ತದೆ. ಮರ ನಿಮ್ಮೂರಿನದೇ ಆಗಿರುತ್ತದೆ, ಮೇಜೂ ಉಳಿಯುತ್ತದೆ.

ಹಚ್ಚುವುದೇನು ಎಂದು ಕೇಳಿದ್ದೀರಿ. ಕುಯ್ದ ದಿನವೇ ಹಲಗೆಯ ಎರಡೂ ತುದಿಗೆ ದಪ್ಪ ಪೇಂಟು ಎರಡು ಕೋಟು, ಇಲ್ಲವೇ ಕರಗಿಸಿದ ಮೇಣ. ಅಷ್ಟೇ. ಸುಟ್ಟ ಇಂಜಿನ್ ಆಯಿಲ್ ಬಳಿದು ತರಬೇಡಿ. ಅದು ನೀರನ್ನು ಒಳಗೇ ಕೂರಿಸುತ್ತದೆ, ಆಮೇಲೆ ಪಾಲಿಷ್ ಹಿಡಿಯುವುದಿಲ್ಲ, ಉಣ್ಣುವ ಮೇಜಿಗಂತೂ ವಿಷ. ‘ಬಿರುಕು ತಡೆಯುವ ಎಣ್ಣೆ’ ಎಂದು ಹೆಸರಿಲ್ಲದ ಡಬ್ಬ ಹಿಡಿದು ಸಂತೆಯಲ್ಲಿ ತಿರುಗುವವರಿಗೆ ದುಡ್ಡು ಕೊಡಬೇಡಿ.

ಹುಳಕ್ಕೆ ಹಸಿ ಇರುವಾಗಲೇ ಬೋರಾಕ್ಸ್ ಕೊಡಬೇಕು. 20 ಲೀಟರ್ ಬಿಸಿನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಕೈಗೆ ಗವಸು ಹಾಕಿ ಎಲ್ಲ ಮೈಗೂ ಧಾರಾಳವಾಗಿ ಹಚ್ಚಿ, ಒತ್ತಾಗಿ ಪೇರಿಸಿ ಎರಡು ಮೂರು ವಾರ ಟಾರ್ಪಾಲು ಮುಚ್ಚಿಡಿ. ಮದ್ದು ಹಸಿಯ ಜೊತೆ ಒಳಗಿಳಿಯುತ್ತದೆ. ಮಳೆಗೆ ತೊಳೆದುಹೋಗುವ ಮದ್ದು ಇದು, ಆದ್ದರಿಂದ ಒಳಾಂಗಣದ ಸಾಮಾನಿಗೆ ಮಾತ್ರ. ತರಕಾರಿ ಹೆಚ್ಚುವ ಮಣೆಗೆ ಬೇಡವೇ ಬೇಡ.

ಆಮೇಲೆ ಅಟ್ಟಿ. ನಾಲ್ಕೂ ಕಡೆ ಗಾಳಿಯಾಡುವ ಮಾಡಿನ ಕೆಳಗೆ, ನೆಲದಿಂದ ಒಂದೂವರೆ ಅಡಿ ಮೇಲೆ. ಅಡಿಕೆ ಬೇಯಿಸುವ ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತದೆಂದು ಇಟ್ಟು, ಹಲಗೆ ಹಪ್ಪಳವಾಗಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ. ಹಲಗೆಯ ನಡುವೆ ಅಡಿಕೆ ದಬ್ಬೆ ಇಡುವ ಅಭ್ಯಾಸವನ್ನೂ ಬಿಡಿ. ದಬ್ಬೆಯ ದಪ್ಪ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇರುವುದಿಲ್ಲ, ಹಲಗೆ ಆ ಓರೆಯನ್ನೇ ಕಲಿಯುತ್ತದೆ. ಮಿಲ್ಲಿನಲ್ಲೇ ಒಂದಿಂಚಿನ ಒಣ ರೀಪು ಸಮನಾಗಿ ಸೀಳಿಸಿ, ಒಂದೂವರೆ ಅಡಿಗೊಂದರಂತೆ, ಮೇಲಿನ ಸಾಲಿನದು ಕೆಳಗಿನದರ ನೇರಕ್ಕೇ ಬರುವಂತೆ ಇಡಿ. ಅಟ್ಟಿಯ ಮೇಲೆ ಕಲ್ಲು ಹೇರಿ. ಒಂದು ಚಿಕ್ಕ ತುಂಡಿಗೂ ತುದಿ ಬಳಿದು ಅಟ್ಟಿಯ ನಡುವೆ ಸಿಕ್ಕಿಸಿ, ಹದಿನೈದು ದಿನಕ್ಕೊಮ್ಮೆ ಅಡಿಕೆ ತೂಗುವ ಕಾಟಾದಲ್ಲಿ ತೂಗಿ ಬರೆದಿಡಿ. ಮಳೆಗಾಲದಲ್ಲಿ ತೂಕ ನಿಂತರೆ ನಂಬಬೇಡಿ, ಆಗ ಗಾಳಿಯೇ ಒದ್ದೆ. ಎರಡನೇ ಬೇಸಿಗೆಯಲ್ಲಿ, ಮಾರ್ಚ್ ಏಪ್ರಿಲ್ ಹೊತ್ತಿಗೆ, ತೂಕ ಇಳಿಯುವುದು ನಿಂತರೆ ಬಡಗಿಯನ್ನು ಕರೆಸಿ.

ದಿಮ್ಮಿಯನ್ನು ಕೆರೆಯಲ್ಲಿ ಮುಳುಗಿಸಿಡಬಹುದೇ? — ಸಾಗರ

ಪೂರ್ತಿ ಮುಳುಗುವುದಾದರೆ ಕೆಲವು ತಿಂಗಳು ಇಡಬಹುದು, ಪಿಷ್ಟವೂ ತೊಳೆದುಹೋಗುತ್ತದೆ. ಅರ್ಧ ತೇಲಿದರೆ ನೀರಗೆರೆಯಲ್ಲೇ ಕೊಳೆಯುತ್ತದೆ.

ಅಮಾವಾಸ್ಯೆಯಲ್ಲಿ ಕುಯ್ದರೆ ಹುಳ ಹಿಡಿಯುವುದಿಲ್ಲವಂತೆ? — ತೀರ್ಥಹಳ್ಳಿ

ಹುಳ ಬರುವುದು ಪಿಷ್ಟಕ್ಕೆ. ತಿಥಿಗಾಗಿ ಕಾದರೆ ಕಳೆದುಕೊಳ್ಳುವುದು ಹದಿನೈದು ದಿನ.

ಉಂಗುರ ಎಣಿಸಿ ಮರದ ವಯಸ್ಸು ಹೇಳುತ್ತೀರಾ? ಸಾವಿರ ವರ್ಷ ಎಂದು ಫಲಕ ಹಾಕಬೇಕು. — ಸೊರಬ

ಮಾವು, ಆಲದಲ್ಲಿ ಉಂಗುರ ನಂಬುವಂತಿರುವುದಿಲ್ಲ. ಸಾಗುವಾನಿಯಲ್ಲಿ ಎಣಿಸಬಹುದು. ಸಾವಿರ ಎಂದು ಬರೆಸಬೇಡಿ, ಬಿದ್ದ ವರ್ಷ ಬರೆಸಿ.

10 ಅಡಿ ಉದ್ದ, 12 ಅಡಿ ಸುತ್ತಳತೆಗೆ ಮಿಲ್ಲಿನವರು 90 ಘನ ಅಡಿ ಎಂದರು. ನಮ್ಮ ಮಗ ಲೆಕ್ಕ ಹಾಕಿದರೆ 115 ಬರುತ್ತದೆ. ಮೋಸವೇ? — ಶಿವಮೊಗ್ಗ

ಅಲ್ಲ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ನಾಟಾ ವ್ಯಾಪಾರದ ರೂಢಿ. ಕುಯ್ಯುವಾಗ ಆಗುವ ನಷ್ಟ ಅದರಲ್ಲೇ ಕಳೆದಿರುತ್ತದೆ. ಮತ್ತೆ ‘ವೇಸ್ಟೇಜು’ ಎಂದು ಕಳೆದರೆ ಆಗ ಜಗಳವಾಡಿ.

ಮರ ಬಿದ್ದು ಎರಡು ದಿನ. ಎಲೆ ಇನ್ನೂ ಹಸಿರಿದೆ. ಅದರ ಮಿಡಿ ಉಪ್ಪಿನಕಾಯಿ ಇನ್ನು ಸಿಗುವುದಿಲ್ಲವೇ? — ರಿಪ್ಪನ್‌ಪೇಟೆ

ಸಿಗುತ್ತದೆ, ಆದರೆ ಓದಿದ ತಕ್ಷಣ ಎದ್ದು ಹೋಗಿ. ಗೊರಟು ಬಿತ್ತಿದರೆ ತಾಯಿಮರದ ರುಚಿಯೇ ಬರುವ ಖಾತ್ರಿಯಿಲ್ಲ, ಕಸಿಯೇ ಆಗಬೇಕು. ಪೆನ್ಸಿಲ್ ದಪ್ಪದ, ಬಲಿತ, ತುದಿಮೊಗ್ಗು ಉಬ್ಬಿದ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ. ಎಲೆಯನ್ನು ತೊಟ್ಟು ಉಳಿಸಿ ಕತ್ತರಿಸಿ ತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿ, ನೆರಳಲ್ಲೇ ಒಯ್ದು ನಾಳೆಯೊಳಗೆ ಕಸಿ ಕಟ್ಟುವವರ ಕೈಗೆ ಕೊಡಿ. ಐವತ್ತು ಕಡ್ಡಿಯಾದರೂ ತನ್ನಿ, ಎಲ್ಲವೂ ಹಿಡಿಯುವುದಿಲ್ಲ. ಗರಗಸದವರು ಆಗಲೇ ಬಂದಿದ್ದರೆ ಟೊಂಗೆಗೆ ಕೈ ಹಚ್ಚದಂತೆ ಅರ್ಧ ದಿನ ತಡೆಯಿರಿ.