ಬೆಳಿಗ್ಗೆ ಧ್ಯಾನ, ಸಂಜೆ ಸಿಡುಕು: ಎರಡನ್ನೂ ಕೂಡಿಸುವ ಬಗೆ

ದಿನಾ ಬೆಳಿಗ್ಗೆ ಧ್ಯಾನ ಮಾಡಿದರೂ ಸಂಜೆ ಕಚೇರಿಯಿಂದ ಬಂದು ಮಕ್ಕಳ ಮೇಲೆ ಸಿಡುಕುತ್ತೇನೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೀವು ಹೇಳಿದ್ದನ್ನು ನೋಡಿದರೆ, ಕಚೇರಿಯಲ್ಲಿ ನುಂಗಿಕೊಂಡ ಸಿಟ್ಟೇ ಸಂಜೆ ಮಕ್ಕಳ ಮೇಲೆ ಹೊರಬೀಳುತ್ತಿದೆ. ಬೆಳಗಿನ ಧ್ಯಾನದಲ್ಲಿ ದೋಷವಿರಲಾರದು. ನನಗೂ ಹೀಗೇ ಆಗುತ್ತಿದ್ದುದರಿಂದ ಈ ಊಹೆ. ನಿದ್ರೆಗೇಡು, ಹಸಿವೂ ಜೊತೆಗೂಡಿರಬಹುದು.

ಮೊದಲು, ಸಂಜೆ ಮನೆಗೆ ಬಂದು ಸ್ಕೂಟರ್ ನಿಲ್ಲಿಸಿದ ಮೇಲೆ ಮೊಬೈಲ್ ತೆಗೆಯದೆ ಐದು ನಿಮಿಷ ಅಲ್ಲೇ ನಿಲ್ಲಿ. ನಾಲ್ಕು ಎಣಿಸುತ್ತಾ ಉಸಿರು ಒಳಗೆ, ಆರು ಎಣಿಸುತ್ತಾ ಹೊರಗೆ. ನಿಶ್ವಾಸ ದೀರ್ಘವಾದರೆ ಎದೆಬಡಿತ ನಿಧಾನವಾಗುತ್ತದೆ.

ಆಮೇಲೆ ದವಡೆ, ಹೆಗಲು ಬಿಗಿದಿವೆಯೇ ಗಮನಿಸಿ. ಆ ಬಿಗಿತಕ್ಕೆ ಹೆಸರು ಕೊಡಿ: ‘ಅವಮಾನವಾಯಿತು’, ‘ಹೆದರಿದ್ದೇನೆ’. ಅದನ್ನು ಓಡಿಸಲು ಹೋಗಬೇಡಿ. ನನ್ನ ಮಟ್ಟಿಗೆ ಇದೇ ಮುಖ್ಯ. ಒಳ್ಳೆಯವರಿಗೆ ಸಿಟ್ಟು ಬರಬಾರದೆಂದು ನಂಬಿ ನಮ್ಮದೇ ಅರ್ಧವನ್ನು ಹೊರಗಟ್ಟುತ್ತೇವೆ. ಅದಕ್ಕೂ ಒಳಗೆ ಜಾಗ ಕೊಟ್ಟಾಗಲೇ ಮನಸ್ಸು ಒಂದಾಗುತ್ತದೆ.

ಒಳಗೆ ಹೋಗಿ ಕೈಕಾಲು ತೊಳೆದು, ಏನಾದರೂ ತಿಂದು, ನಂತರವೇ ಹೋಂವರ್ಕ್ ವಿಚಾರಿಸಿ.

ರಾತ್ರಿ ಅಂದು ನುಂಗಿಕೊಂಡ ಮಾತನ್ನು ಒಂದು ಸಾಲಿನಲ್ಲಿ ಬರೆದಿಡಿ. ಎರಡು ವಾರದಲ್ಲಿ ಒಂದೇ ಸಂಗತಿ ಮರುಕಳಿಸಿದರೆ, ಕಚೇರಿಯಲ್ಲಿ ಮಾತಾಡಿ ಬಗೆಹರಿಸಬೇಕಾದದ್ದು ಅದೇ.

ಮಕ್ಕಳ ಮೇಲೆ ಕೈ ಎತ್ತುವಂತಾದರೆ ಅಥವಾ ವಾರಗಟ್ಟಲೆ ನಿದ್ರೆ ಬಾರದಿದ್ದರೆ ಕಾಯಬೇಡಿ. ಸರ್ಕಾರದ ‘ಟೆಲಿ ಮಾನಸ್’ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.