ಕೆನೆ ಬಣ್ಣವೋ, ತಿಳಿಬೂದಿಯೋ?

ಕುಮಟಾದ ಚಿರೆಕಲ್ಲಿನ ಮನೆ, ಉತ್ತರಕ್ಕೆ ಕಿಟಕಿ ಇರುವ ಹಾಲ್, ರೆಡ್ ಆಕ್ಸೈಡ್ ನೆಲ. ಗೋಡೆಗೆ ಕೆನೆಯೋ ತಿಳಿಬೂದಿಯೋ ಅಂತ ಕೇಳಿದ್ದೀರಿ. ನನ್ನ ಓಟು ಕೆನೆಗೆ.

ಉತ್ತರದ ಕಿಟಕಿಗೆ ನೇರ ಬಿಸಿಲು ಕಮ್ಮಿ, ಬರುವ ಬೆಳಕಲ್ಲೂ ತುಸು ನೀಲಿ ಛಾಯೆ. ಅದರಲ್ಲಿ ಬೂದಿ ಇನ್ನಷ್ಟು ಸಪ್ಪೆಯಾಗ್ತದೆ. ಮೇಲಿಂದ ನಮ್ಮ ಕಡೆಯ ತಗ್ಗಾದ ಮಾಡು (ಸೂರು), ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಮಧ್ಯಾಹ್ನವೇ ಲೈಟು ಹಾಕೂದು ಯಾರಿಗೆ ಬೇಕು ಮಾರಾಯ್ರೆ? ಕೆಂಪು ನೆಲದ ಛಾಯೆಯೂ ಗೋಡೆಯ ಕೆಳಭಾಗಕ್ಕೆ ಬೀಳ್ತದೆ. ಕೆನೆಗೆ ಅದು ಒಪ್ತದೆ, ಬೂದಿಯಾದರೆ ಮಾಸಿದ ಗುಲಾಬಿ ಥರ ಕಾಣಬಹುದು. ಹಾಗಂತ ತೀರಾ ಹಳದಿ ಕೆನೆ ತಂದು ಹಾಲನ್ನು ಕಲ್ಯಾಣ ಮಂಟಪ ಮಾಡಬೇಡಿ.

ಶೇಡ್ ಕಾರ್ಡ್ ನೋಡಿ ತೀರ್ಮಾನ ಬೇಡ. ಎರಡೂ ಬಣ್ಣದ ಚಿಕ್ಕ ಡಬ್ಬ ತಂದು, ಕಿಟಕಿ ಪಕ್ಕದ ಗೋಡೆಗೂ ಎದುರಿನ ಗೋಡೆಗೂ ಎರಡಡಿ ಚೌಕ, ಎರಡು ಕೋಟು ಹಚ್ಚಿ. ಸುತ್ತ ಬಿಳಿ ಅಂಚು ಬಿಡಿ, ಇಲ್ಲದಿದ್ದರೆ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡ್ತದೆ. ಪೂರ್ತಿ ಒಣಗಿದ ಮೇಲೆ ಬೆಳಿಗ್ಗೆ, ಸಂಜೆ ನೋಡಿ. ರಾತ್ರಿ ನಿಮ್ಮ ಮನೆಯ ಬಲ್ಬಿನಲ್ಲೇ ನೋಡಿ. 2700 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಹಳದಿ ಬಲ್ಬಿಗೂ 6500ರ ಬಿಳಿ ಬಲ್ಬಿಗೂ ಒಂದೇ ಗೋಡೆ ಎರಡು ಬಣ್ಣ ಕಾಣ್ತದೆ.

ಮಳೆನೀರು ಜಿನುಗುವ ಗೋಡೆ ಇದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಬೂಷ್ಟು ಹಿಡಿದರೆ ಕೆನೆಯೂ ಒಂದೇ, ಬೂದಿಯೂ ಒಂದೇ. ಪೇಂಟರನ್ನು ದೀಪಾವಳಿ ಕಳೆದ ಮೇಲೇ ಕರೆಸಿ, ಅಷ್ಟೊತ್ತಿಗೆ ಗೋಡೆ ಒಣಗಿರ್ತದೆ.

ಬೂದಿಯೇ ಬೇಕು ಅಂತ ಮನೆಯವರದ್ದು ಹಟವಿದ್ದರೆ ಪಶ್ಚಿಮದ ಕೋಣೆಗೆ ಹಚ್ಚಿ. ಸಂಜೆ ಬಿಸಿಲಿಗೆ ಅಲ್ಲಿ ಚೆಂದ ಕಾಣ್ತದೆ.